ಹಳೆಯ ಥಾರ್‌ನ ಫೈಬರ್ ಹಾರ್ಡ್‌ಟಾಪ್: ಬಿಚ್ಚುವಾಗ ಬಿರುಕು, ಹಾಕಿದ ಮೇಲೆ ಸೋರಿಕೆ

ಪ್ರಶ್ನೆ (ರಾಜರಾಜೇಶ್ವರಿನಗರದ ಸದಸ್ಯರು): ನಮಸ್ಕಾರ ಸರ್. ನನ್ನ ಬಳಿ 2016ರ ಮಹೀಂದ್ರ ಥಾರ್ ಸಿಆರ್‌ಡಿಇ (ಡೀಸೆಲ್ ಎಂಜಿನ್ ಮಾದರಿ) ಇದೆ. ಕಂಪನಿಯಿಂದ ಕ್ಯಾನ್ವಾಸ್ ಹೊದಿಕೆಯಲ್ಲಿ ಬಂದಿದ್ದ ಗಾಡಿಗೆ ಹಿಂದಿನ ಮಾಲೀಕರು ಹೊರಗಡೆ ಫೈಬರ್ ಹಾರ್ಡ್‌ಟಾಪ್ (ಗಾಜಿನ ನಾರಿನ ಗಟ್ಟಿ ಚಾವಣಿ) ಮಾಡಿಸಿ ಹಾಕಿಸಿದ್ದರು. ಹೋದ ಚಳಿಗಾಲದಲ್ಲಿ ಅದನ್ನು ಒಂದು ಗ್ಯಾರೇಜಿನಲ್ಲಿ ಬಿಚ್ಚಿಸಿ, ಮಳೆಗಾಲಕ್ಕೆ ಮೊದಲು ಅಲ್ಲಿಯೇ ಮತ್ತೆ ಹಾಕಿಸಿದೆ. ಅಂದಿನಿಂದ ಹಿಂಬದಿಯ ಎಡ ಮೂಲೆಯ ಬೋಲ್ಟಿನ ಸುತ್ತ ಕೂದಲೆಳೆಯಂಥ ಬಿರುಕು ಕಾಣುತ್ತಿದೆ. ಜೋರು ಮಳೆ ಬಂದರೆ ವಿಂಡ್‌ಶೀಲ್ಡಿನ ಬಲ ಮೂಲೆಯಿಂದ ನೀರು ನೇರವಾಗಿ ನನ್ನ ಮೊಣಕಾಲಿನ ಮೇಲೆ ತೊಟ್ಟಿಕ್ಕುತ್ತದೆ. ಈ ಜನವರಿಯಲ್ಲಿ ಮತ್ತೆ ಬಿಚ್ಚಬೇಕೆಂದಿದ್ದೇನೆ. ಹಾಳಾಗದಂತೆ ಬಿಚ್ಚಿ, ಹಾಕುವ ಕ್ರಮವನ್ನು ದಯವಿಟ್ಟು ತಿಳಿಸಿ.

ಉತ್ತರ: ನಮಸ್ಕಾರ. ಬಿರುಕು ಹಿಂದಿನ ಎಡ ಮೂಲೆಯಲ್ಲಿ, ಸೋರಿಕೆ ಮುಂದಿನ ಬಲ ಮೂಲೆಯಲ್ಲಿ ಎಂದು ಬರೆದಿದ್ದೀರಿ. ಇವು ಎದುರುಬದುರು ಮೂಲೆಗಳು. ನಾಲ್ಕು ಕಾಲಿನ ಮೇಜಿನ ಒಂದು ಕಾಲನ್ನು ನೆಲಕ್ಕೆ ಎಳೆದು ಕಟ್ಟಿದರೆ ಎದುರಿನ ಕಾಲು ಮೇಲೇಳುವಂತೆ, ಹಿಂದಿನ ಎಡ ಬೋಲ್ಟನ್ನು ಮೊದಲೇ ಪೂರ್ತಿ ಬಿಗಿದಿದ್ದರಿಂದ ಟಾಪ್ ತಿರುಚಿಕೊಂಡು ಮುಂದಿನ ಬಲ ಅಂಚು ಬೀಡಿಂಗಿನಿಂದ (ಸಂದಿಯಲ್ಲಿ ನೀರು ತಡೆಯುವ ರಬ್ಬರ್ ಪಟ್ಟಿಯಿಂದ) ಮೇಲೆದ್ದಿದೆ ಎಂದೇ ನನ್ನ ಊಹೆ. ಇಪ್ಪತ್ತು ವರ್ಷಗಳಿಂದ ಫೈಬರ್ ಕೆಲಸ ಮಾಡುತ್ತಿರುವ ನಾನು ನೋಡಿದಂತೆ, ಕೈತಪ್ಪಿ ಬಿದ್ದು ಒಡೆದ ಟಾಪ್‌ಗಳು ಕಡಿಮೆ. ತಿರುಚಿ ಬಿರುಕು ಬಿಟ್ಟವೇ ಹೆಚ್ಚು.

ಬಿಚ್ಚುವ ಮುನ್ನ ಟೇಪು ಹಿಡಿದು ಟಾಪಿನ ಕೆಳ ಅಂಚಿನ ಅಗಲವನ್ನು ಮುಂದೊಂದು ಕಡೆ, ಹಿಂದೊಂದು ಕಡೆ ಅಳೆದು ಬರೆದಿಟ್ಟುಕೊಳ್ಳಿ. ಇದು ಏಕೆಂದು ಮುಂದೆ ಹೇಳುತ್ತೇನೆ. ಬಳಿಕ ಬ್ಯಾಟರಿಯ ನೆಗೆಟಿವ್ ತೆಗೆದು, ಒಳದೀಪ, ಹಿಂದಿನ ವೈಪರ್, ಡೀಫಾಗರ್ (ಗಾಜಿನ ಮಂಜು ಕರಗಿಸುವ ತಂತಿ) ಇವುಗಳಲ್ಲಿ ನಿಮ್ಮ ಟಾಪಿಗೆ ಯಾವುದರ ವೈರು ಹೋಗಿದೆಯೋ ಅದರ ಕಪ್ಲರನ್ನು (ವೈರು ಕೂಡಿಸುವ ಪ್ಲಗ್ಗನ್ನು) ಲಾಕ್ ಒತ್ತಿ ಬಿಡಿಸಿ. ವೈರು ಹಿಡಿದು ಎಳೆಯಬೇಡಿ. ವಾಷರ್ ನೀರಿನ ಪೈಪಿದ್ದರೆ ಅದನ್ನೂ ಕಳಚಿ. ಹೊರಗಡೆ ಮಾಡಿಸಿದ ಟಾಪ್‌ಗಳಲ್ಲಿ ಕಪ್ಲರೇ ಇಲ್ಲದೆ ವೈರನ್ನು ನೇರವಾಗಿ ಸುತ್ತಿ ಟೇಪು ಹಚ್ಚಿರುವುದುಂಟು. ಹಾಗಿದ್ದರೆ ಈಗಲೇ ಕಪ್ಲರ್ ಹಾಕಿಸಿಕೊಳ್ಳಿ. ಹಿಂದಿನ ಗಾಜಿನ ಬಾಗಿಲನ್ನು ಮುಚ್ಚಿ ಲಾಕ್ ಮಾಡಿ ಟೇಪಿನಿಂದ ಬಿಗಿಯಬೇಕು. ಎತ್ತುವಾಗ ಅದು ತೆರೆದುಕೊಂಡರೆ ಭಾರವೆಲ್ಲ ಹಿಂದಕ್ಕೆ ಜಗ್ಗಿ ಟಾಪ್ ಕೈಯಿಂದ ಜಾರುತ್ತದೆ.

ಬೋಲ್ಟುಗಳನ್ನು ಒಂದೇ ಸಲ ಪೂರ್ತಿ ಬಿಚ್ಚದೆ, ಎದುರುಬದುರಾಗಿ ಒಂದೊಂದು ಸುತ್ತು ಸಡಿಲಿಸುತ್ತ ಬನ್ನಿ. ಯಾವ ಬೋಲ್ಟು, ವಾಷರು, ರಬ್ಬರ್ ಎಲ್ಲಿಯದೆಂದು ಗುರುತು ಬರೆದು ಬೇರೆಬೇರೆ ಪೊಟ್ಟಣದಲ್ಲಿಡಿ. ಇಂಪ್ಯಾಕ್ಟ್ ಗನ್ (ಬೋಲ್ಟನ್ನು ಬಡಿದು ತಿರುಗಿಸುವ ಯಂತ್ರ) ಬೇಡವೇ ಬೇಡ.

ಎತ್ತಲು ಮೂಲೆಗೊಬ್ಬರಂತೆ ನಾಲ್ವರು ಇರಬೇಕು. "ಎತ್ತಿ" ಎಂದು ಕೂಗುವವರು ಒಬ್ಬರೇ ಇರಬೇಕು. ಮೊದಲು ಎರಡು ಇಂಚು ಮಾತ್ರ ಎತ್ತಿ ಅಲ್ಲಿಯೇ ನಿಲ್ಲಿಸಿ, ಸುತ್ತ ಒಮ್ಮೆ ಕಣ್ಣಾಡಿಸಿ. ಮರೆತ ವೈರು ಅಥವಾ ಅಂಟಿಕೊಂಡ ಬೀಡಿಂಗ್ ಇದ್ದರೆ ಕಾಣುವುದು ಆ ಕ್ಷಣದಲ್ಲಿಯೇ. ಆಮೇಲೆ ಒಂದೇ ಸಮನಾಗಿ ಮೇಲೆತ್ತಿ, ಸಾಧ್ಯವಾದರೆ ನಾಲ್ವರೂ ನಿಂತಲ್ಲೇ ನಿಂತು ಐದನೆಯವರು ಗಾಡಿಯನ್ನು ನಿಧಾನವಾಗಿ ಮುಂದಕ್ಕೆ ತಳ್ಳಲಿ. ಟಾಪ್ ಹೊತ್ತು ನಡೆಯುವುದಕ್ಕಿಂತ ಇದು ಎಷ್ಟೋ ಕ್ಷೇಮ. ಗಾಳಿ ಬೀಸುವ ದಿನ ಈ ಕೆಲಸಕ್ಕೆ ಕೈಹಾಕಬೇಡಿ.

ಇನ್ನು ಇಡುವ ಮಾತು. ಗೋಡೆಗೆ ಒರಗಿಸಿಡುವುದು, ಚಾವಣಿ ಕೆಳಗಾಗುವಂತೆ ತಲೆಕೆಳಗು ಮಾಡಿಡುವುದು ಎರಡೂ ತಪ್ಪು. ಗಾಡಿಯ ಮೇಲೆ ಹೇಗೆ ಕೂರುತ್ತದೆಯೋ ಹಾಗೆಯೇ, ಎರಡು ಹಲಗೆಗಳ ಮೇಲೆ ಫೋಮ್ ಹಾಸಿ ಕೂರಿಸಿ. ಫೈಬರ್ ತನ್ನ ಭಾರಕ್ಕೆ ತಾನೇ ತಿಂಗಳುಗಟ್ಟಲೆ ಬಾಗುತ್ತದೆ, ಬಿಸಿಲಿನಲ್ಲಾದರೆ ಇನ್ನೂ ಬೇಗ. ಎರಡೂ ಬದಿಗಳು ಹೊರಕ್ಕೆ ಅಗಲಿಕೊಳ್ಳುತ್ತವೆ, ಮಾರ್ಚಿನಲ್ಲಿ ಹಾಕಲು ಹೋದಾಗ ಬೋಲ್ಟಿನ ತೂತು ಕೂಡುವುದಿಲ್ಲ, ಮೆಕ್ಯಾನಿಕ್ ಸ್ಕ್ರೂಡ್ರೈವರ್ ಹಾಕಿ ಮೀಟಿ ಕೂಡಿಸುತ್ತಾನೆ. ಬಿರುಕು ಹುಟ್ಟುವುದೇ ಅಲ್ಲಿ. ಆದ್ದರಿಂದ, ಅಳೆದಿಟ್ಟ ಅಗಲಕ್ಕೆ ಸರಿಯಾಗಿ ಎರಡು ಮರದ ರೀಪರ್ ಕತ್ತರಿಸಿ ಕೆಳ ಅಂಚುಗಳ ನಡುವೆ ಕೊಟ್ಟು, ಹೊರಗಿನಿಂದ ಬೆಲ್ಟ್ ಸುತ್ತಿ. ಮೇಲೆ ಹಳೆಯ ಹತ್ತಿ ಬೆಡ್‌ಶೀಟ್ ಸಾಕು. ಟಾರ್ಪಾಲ್ ಬೆವರು ಹಿಡಿಯುತ್ತದೆ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಆದರೆ ವೈರಿನ ತುದಿಗಳನ್ನು ಮೇಲಕ್ಕೆ ಕಟ್ಟಿ, ಹೆಗ್ಗಣಗಳಿಗೆ ಅವು ಬಹಳ ಪ್ರಿಯ.

ಹಾಕುವಾಗ ನಿಯಮ ಒಂದೇ: ಎಲ್ಲ ಬೋಲ್ಟುಗಳೂ ಬೆರಳಿನಿಂದಲೇ ಮೂರ್ನಾಲ್ಕು ಸುತ್ತು ಹಿಡಿಯುವವರೆಗೆ ಯಾವುದನ್ನೂ ಸ್ಪ್ಯಾನರಿನಿಂದ ಮುಟ್ಟಕೂಡದು. ನಂತರ ಎದುರುಬದುರಾಗಿ ಎರಡು ಮೂರು ಹಂತದಲ್ಲಿ ಬಿಗಿಯಿರಿ. ಸಾಮಾನ್ಯ 8 ಎಂಎಂ ಬೋಲ್ಟು ಕಬ್ಬಿಣಕ್ಕೆ ಕಬ್ಬಿಣ ಕೂಡಿಸುವಾಗ ಸುಮಾರು 25 ನ್ಯೂಟನ್-ಮೀಟರ್ ಬಿಗಿ ತಡೆಯುತ್ತದೆ, ಆದರೆ ನಡುವೆ ಫೈಬರ್ ಇರುವಾಗ ಆ ಲೆಕ್ಕ ನಡೆಯದು. ಅಗಲವಾದ ವಾಷರ್ ಹಾಕಿ, ಬೀಡಿಂಗ್ ಒತ್ತಿಕೊಂಡು ವಾಷರ್ ತಿರುಗದಂತಾದ ಕೂಡಲೇ ನಿಲ್ಲಿಸಿ.

ಪ್ರಶ್ನೆ (ಅದೇ ಸದಸ್ಯರು): ವಿವರಕ್ಕೆ ಧನ್ಯವಾದ. ಸೋರಿಕೆ ನಿಲ್ಲಲೆಂದು ಆ ಗ್ಯಾರೇಜಿನವರು ಮುಂದಿನ ಅಂಚಿಗೆಲ್ಲ ಸಿಲಿಕೋನ್ ಪೇಸ್ಟ್ ತುಂಬಿದ್ದಾರೆ. ಎತ್ತಿದರೆ ಬರುತ್ತದೆಯೇ?

ಉತ್ತರ: ಬರುವುದಿಲ್ಲ, ಬಲವಂತ ಮಾಡಿದರೆ ಮುಂದಿನ ಅಂಚೇ ಮುರಿದು ಬರುತ್ತದೆ. ಮೀನಿನ ಗಾಳದ ದಪ್ಪ ನೈಲಾನ್ ದಾರವನ್ನು ಸಂದಿಯಲ್ಲಿ ತೂರಿಸಿ, ಎರಡು ಬದಿಯಲ್ಲಿ ಇಬ್ಬರು ಹಿಡಿದು ಗರಗಸದಂತೆ ಎಳೆದಾಡುತ್ತ ಪೇಸ್ಟನ್ನು ಕತ್ತರಿಸಿ. ಅರ್ಧ ಗಂಟೆ ಹಿಡಿದರೂ ಬೇಸರಿಸಬೇಡಿ. ಉಳಿದುದನ್ನು ಪ್ಲಾಸ್ಟಿಕ್ ಚೂರಿನಿಂದ ಕೆರೆದು ತೆಗೆಯಿರಿ. ಸಿಲಿಕೋನಿನ ಪಸೆ ಇದ್ದಲ್ಲಿ ರೆಸಿನ್ (ಫೈಬರ್ ಕೆಲಸದ, ಗಟ್ಟಿಯಾಗುವ ಅಂಟುದ್ರವ) ಆಗಲಿ ಪೇಂಟ್ ಆಗಲಿ ಹಿಡಿಯದು. ನೀರು ತಡೆಯುವುದು ಬೀಡಿಂಗಿನ ಕೆಲಸ, ಪೇಸ್ಟಿನದಲ್ಲ. ಚಪ್ಪಟೆಯಾದ ಬೀಡಿಂಗನ್ನು ಬದಲಿಸಿ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಿಗೆ ಹಳೆಯ ತುಂಡೊಂದನ್ನು ಒಯ್ದು ಅದೇ ಅಡ್ಡಕೊಯ್ತದ್ದು ಕೇಳಿ.

ಪ್ರಶ್ನೆ (ಮತ್ತೊಬ್ಬ ಸದಸ್ಯರು): ಬೀಡಿಂಗಿಗೆ ಗ್ರೀಸ್ ಹಚ್ಚಬಹುದೇ? ನನ್ನದು ಜೀಪ್ ರ‍್ಯಾಂಗ್ಲರ್. ಅದಕ್ಕೂ ಇದೇ ಕ್ರಮವೇ?

ಉತ್ತರ: ಪೆಟ್ರೋಲಿಯಂ ಗ್ರೀಸ್ ಬೇಡ, ಬೀಡಿಂಗಿನ ಇಪಿಡಿಎಂ ರಬ್ಬರ್ ಅದರಿಂದ ಊದಿಕೊಂಡು ಮೆತ್ತಗಾಗುತ್ತದೆ. ಸಿಲಿಕೋನ್ ಸ್ಪ್ರೇಯನ್ನು ಬಟ್ಟೆಗೆ ಹಾಕಿ ತೆಳುವಾಗಿ ಒರೆಸಿ. ರ‍್ಯಾಂಗ್ಲರಿನ ಟಾಪ್ ಕಂಪನಿಯವರೇ ಬಿಚ್ಚಲೆಂದು ಮಾಡಿದ್ದು: ಮುಂದಿನ ಎರಡು ಫಲಕಗಳು ಒಳಗಿನ ಲ್ಯಾಚ್ ತಿರುಗಿಸಿದರೆ ಬರುತ್ತವೆ, ಅವು ಹೊರಬಂದ ಮೇಲಷ್ಟೇ ಹಿಂದಿನ ದೊಡ್ಡ ಭಾಗದ ಟಾರ್ಕ್ಸ್ (ನಕ್ಷತ್ರಾಕಾರದ ತಲೆಯ) ಬೋಲ್ಟುಗಳಿಗೆ ಕೈಹಾಕಬೇಕು. ಎರಡು ಫಲಕಗಳಲ್ಲಿ ಯಾವುದರ ಅಂಚು ಮೇಲೆ ಹತ್ತಿ ಕೂತಿದೆಯೋ ಅದು ಮೊದಲು ಹೊರಗೆ, ಕಡೆಗೆ ಒಳಗೆ. ಗಾಡಿಯ ಕೈಪಿಡಿಯಲ್ಲಿ ಹೇಳಿದ ಬಿಗಿಯೇ ನಿಮಗೆ ಪ್ರಮಾಣ, ನನ್ನ ಕೈಯಂದಾಜಲ್ಲ.

ಪ್ರಶ್ನೆ (ಇನ್ನೊಬ್ಬರು): ಹೊರಗೆ ಮಾಡಿಸಿದ ಟಾಪಿಗೆ ಆರ್‌ಟಿಓ ತಕರಾರು ಇಲ್ಲವೇ?

ಉತ್ತರ: 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, 2019ರ ಜನವರಿಯ ಸುಪ್ರೀಂ ಕೋರ್ಟ್ ತೀರ್ಪು ಎರಡೂ ತಯಾರಕರ ಮೂಲ ನಮೂನೆಯನ್ನು ಬದಲಿಸುವುದನ್ನು ತಡೆಯುತ್ತವೆ. ಆದ್ದರಿಂದ ಆರ್‌ಸಿಯೊಂದಿಗೆ ನಿಮ್ಮ ಆರ್‌ಟಿಓ ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು, ವಿಮೆಯವರಿಗೂ ತಿಳಿಸಿರಬೇಕು.

ಪ್ರಶ್ನೆ (ರಾಜರಾಜೇಶ್ವರಿನಗರದ ಸದಸ್ಯರು): ನಿನ್ನೆ ದಾರದಿಂದ ಕತ್ತರಿಸಿ, ನೀವು ಹೇಳಿದಂತೆ ಬಿಚ್ಚಿದೆವು, ಏನೂ ಮುರಿಯಲಿಲ್ಲ. ಬಿರುಕು ಸುಮಾರು ಒಂದೂವರೆ ಇಂಚು ಇದೆ. ಪುಟ್ಟಿ ಹಾಕಿ ಪೇಂಟ್ ಹೊಡೆಸಲೇ? ಮುಂದಿನ ಮೂಲೆ ಸರಿಯಾಗಿ ಕೂರುತ್ತದೆಂದು ತಿಳಿಯುವುದು ಹೇಗೆ?

ಉತ್ತರ: ಪುಟ್ಟಿಯಲ್ಲಿ ನಾರಿಲ್ಲ, ರಸ್ತೆಯ ಮೊದಲ ಗುಂಡಿಗೇ ಮತ್ತೆ ಸೀಳುತ್ತದೆ. ಬಿರುಕಿನ ತುದಿಯಲ್ಲಿ 3 ಎಂಎಂ ತೂತು ಕೊರೆದು ಅದು ಮುಂದೆ ಓಡದಂತೆ ನಿಲ್ಲಿಸಿ, ಬಿರುಕನ್ನು ವಿ ಆಕಾರದಲ್ಲಿ ಉಜ್ಜಿ, ಒಳಬದಿಯಿಂದ ಬಿರುಕಿನ ಸುತ್ತ ಎರಡೆರಡು ಇಂಚು ಹೆಚ್ಚಿಗೆ ಹರಡುವಂತೆ ಎರಡು ಮೂರು ಪದರ ಗ್ಲಾಸ್ ಮ್ಯಾಟನ್ನು (ಗಾಜಿನ ನಾರಿನ ಹಾಸನ್ನು) ರೆಸಿನ್‌ನಲ್ಲಿ ಹಾಕಿಸಿ. ಜನವರಿಯ ಬೆಳಗಿನ ಚಳಿಯಲ್ಲಿ ರೆಸಿನ್ ಗಟ್ಟಿಯಾಗಲು ತಡವಾಗುತ್ತದೆಂದು ಹಾರ್ಡನರ್ ಹೆಚ್ಚು ಸುರಿಯುವವರಿದ್ದಾರೆ. ಹಾಗೆ ಮಾಡಿದರೆ ತೇಪೆ ಗಡುಸಾಗಿ ಒಡೆಯುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಮಾಡಿಸಿ. ಬೋಲ್ಟಿನ ತೂತನ್ನು ಬೋಲ್ಟಿಗಿಂತ ಒಂದೆರಡು ಎಂಎಂ ದೊಡ್ಡದು ಮಾಡಿಸಿ, ಬಿಸಿಲಿಗೆ ಫೈಬರ್ ಹಿಗ್ಗಲು ಅಷ್ಟು ಜಾಗ ಬೇಕು.

ಮೂಲೆಯ ಪರೀಕ್ಷೆಗೆ ಶಾಲೆಯ ಸೀಮೆಸುಣ್ಣ ಸಾಕು. ಹೊಸ ಬೀಡಿಂಗಿನ ಮೇಲೆಲ್ಲ ಸುಣ್ಣ ಉಜ್ಜಿ, ಬೋಲ್ಟಿಲ್ಲದೆ ಟಾಪನ್ನು ಮೆಲ್ಲಗೆ ಇಳಿಸಿ, ಮತ್ತೆ ಎತ್ತಿ ಅಂಚನ್ನು ನೋಡಿ. ಬಿಳಿ ಗೆರೆ ಎಲ್ಲಿ ತುಂಡಾಗಿದೆಯೋ ನೀರು ಬರುವುದು ಅಲ್ಲಿಂದಲೇ. ಮುಂದಿನ ಬಲದಲ್ಲಿ ಗೆರೆ ಕಾಣದಿದ್ದರೆ ಆ ಮೂಲೆಯನ್ನು ಬೋಲ್ಟಿನಿಂದ ಜಗ್ಗಿ ಕೂರಿಸಬೇಡಿ, ಬೀಡಿಂಗಿನ ಕೆಳಗೆ 2 ಎಂಎಂ ರಬ್ಬರ್ ಶೀಟಿನ ಪಟ್ಟಿ ಕೊಟ್ಟು ಇನ್ನೊಮ್ಮೆ ಸುಣ್ಣ ಹಚ್ಚಿ ನೋಡಿ. ಆಮೇಲೆ ಬೋಲ್ಟು ಹಾಕಿ, ಒಳಗೊಬ್ಬರನ್ನು ಕೂರಿಸಿ ಹೊರಗಿನಿಂದ ಹತ್ತು ನಿಮಿಷ ಪೈಪಿನಲ್ಲಿ ನೀರು ಬಿಡಿ.