‘ಅಕ್ರೋಟಿನ ಗಟ್ಟಿಮರ’ ಎನ್ನಬಹುದೇ?

ಪ್ರಶ್ನೆ: ಮರಗೆಲಸದ ಕೈಪಿಡಿಯೊಂದರಲ್ಲಿ ಬರುವ ‘ವಾಲ್‌ನಟ್ ಹಾರ್ಡ್‌ವುಡ್’ ಎಂಬುದಕ್ಕೆ ‘ಅಕ್ರೋಟಿನ ಗಟ್ಟಿಮರ’ ಎಂದು ಬರೆಯಬಹುದೇ? ಅದೇ ಪುಟದಲ್ಲಿ ‘ಹಾರ್ಟ್‌ವುಡ್’ ಕೂಡ ಇದೆ. ಎರಡಕ್ಕೂ ಒಂದೇ ಪದ ಸಾಕೇ?

ಉತ್ತರ: ಸಾಲದು. ಹಾರ್ಡ್‌ವುಡ್ ಅನ್ನುವುದು ಗಡಸುತನದ ಅಳತೆಯಲ್ಲ, ಸಸ್ಯವರ್ಗದ ಹೆಸರು. ಹೂ ಬಿಡುವ ಅಗಲೆಲೆಯ ಮರಗಳೆಲ್ಲ ಅದರಲ್ಲಿ ಸೇರುತ್ತವೆ, ಉಗುರು ಒತ್ತಿದರೆ ತಗ್ಗು ಬೀಳುವ ಬಾಲ್ಸಾ ಕೂಡ. ಮರದ ಗಡಸುತನ ತೋರಿಸುವ ಜಂಕಾ ಅಳತೆಯಲ್ಲಿ ಕರಿ ಅಕ್ರೋಟು ಸುಮಾರು 1010 ಪೌಂಡ್, ಹಾರ್ಡ್ ಮೇಪಲ್ ಮರ 1450. ಅಕ್ರೋಟು ನಡುಮಟ್ಟದ್ದು: ಉಳಿಗೆ ಸಲೀಸು, ಸರಿಯಾಗಿ ಒಣಗಿದ ಮೇಲೆ ಸೊಟ್ಟಗಾಗುವುದು ಕಡಿಮೆ. ಕೆತ್ತನೆಗೂ ಬಂದೂಕಿನ ಮರದ ಹಿಡಿಗೂ ಅದು ಒಗ್ಗಿದ್ದು ಇದರಿಂದಲೇ. ‘ಗಟ್ಟಿಮರ’ ಎಂದು ನಂಬಿ ನೆಲಕ್ಕೆ ಹಾಸಿದವರು, ಕುರ್ಚಿ ಕಾಲಿನ ಕಚ್ಚು ಬಿದ್ದಾಗ ಬೈಯುವುದು ಅನುವಾದಕರನ್ನು! ‘ಅಕ್ರೋಟು ಮರ’ ಎಂದರೆ ಸಾಕು. ವರ್ಗ ಹೇಳಲೇಬೇಕಾದಲ್ಲಿ ‘ಅಗಲೆಲೆ ಮರ’ ಎನ್ನಿ.

ಹಾರ್ಟ್‌ವುಡ್‌ಗೆ, ಅಂದರೆ ಕಾಂಡದ ಒಳಗಿನ ಕಡುಬಣ್ಣದ ಭಾಗಕ್ಕೆ, ‘ಚೇಗು’ ಇದ್ದೇ ಇದೆ. ಅದರ ಸುತ್ತಲಿನ ತೆಳುಬಣ್ಣದ ಪದರ ‘ಬಿಳಿಮರ’. ಅಕ್ರೋಟಿನ ಮಟ್ಟಿಗೆ ಈ ಭೇದ ಬಿಡುವಂತಿಲ್ಲ. ಹಸಿ ಹಲಗೆಯನ್ನು ಹಬೆಯಲ್ಲಿಟ್ಟು ಬಿಳಿಮರಕ್ಕೂ ಕಂದು ಬಣ್ಣ ಹಿಡಿಸುತ್ತಾರೆ. ‘ಬಿಳಿಭಾಗ ಗಟ್ಟಿಮರದಂತಾಗುತ್ತದೆ’ ಎಂದು ಬರೆದರೆ ಬಲವೂ ಬಂತೆಂದು ಅರ್ಥವಾದೀತು. ಬರುವುದು ಬಣ್ಣ ಮಾತ್ರ. ಮರವನ್ನು ಕೊರೆದು ಪುಡಿಮಾಡುವ ಹಿಟ್ಟುಹುಳ ಆಮೇಲೂ ಬಿಳಿಮರವನ್ನು ಕೊರೆಯುತ್ತದೆ. ಚೇಗಿನ ನೇರಳೆ ಛಾಯೆಯೂ ಮಂಕಾಗುತ್ತದೆ, ಅದು ಬೇರೆ ನಷ್ಟ.

ನೀವು ಕೇಳದಿದ್ದರೂ ‘ಗ್ರೇನ್’ ಬಗ್ಗೆ ಒಂದು ಮಾತು, ಹೆಚ್ಚು ಎಡವುವುದು ಅಲ್ಲೇ. ಕೀಸುಳಿ ಓಡಿಸುವ ದಿಕ್ಕಿನ ಮಾತಾದರೆ ಅದು ‘ಎಳೆ’: ಎಳೆಗೆ ಎದುರಾಗಿ ಕೀಸಿದರೆ ಚಕ್ಕೆ ಕಿತ್ತು ಬರುತ್ತದೆ. ಕವಲೊಡೆದ ಕಡೆಯ ಚೆಲುವಾದ ವಿನ್ಯಾಸಕ್ಕೆ ‘ಸುಳಿ’ ಒಪ್ಪುತ್ತದೆ. ಅಲ್ಲಿ ಎಳೆ ಗಳಿಗೆಗೊಮ್ಮೆ ದಿಕ್ಕು ಬದಲಿಸುವುದರಿಂದ ಅಲಗು ಹರಿತವಾಗಿರಬೇಕು, ಒಂದು ಸಲಕ್ಕೆ ತೀರಾ ತೆಳುವಾಗಿ ತೆಗೆಯಬೇಕು. ಮರದ ಮೈಯ ಸಣ್ಣ ತೂತುಗಳನ್ನು ಮುಚ್ಚುವ ‘ಗ್ರೇನ್ ಫಿಲ್ಲರ್’ನಲ್ಲಿ ಮಾತ್ರ ಅದು ‘ರಂಧ್ರ’. ಅಕ್ರೋಟಿನ ರಂಧ್ರ ಬರಿಗಣ್ಣಿಗೆ ಗೆರೆಗೆರೆಯಾಗಿ ಕಾಣುತ್ತದೆ. ಮೇಜಿನ ಮೈ ಗಾಜಿನಂತೆ ನುಣುಪಾಗಬೇಕಾದರೆ ಪಾಲಿಶ್‌ಗೆ ಮೊದಲು ತುಂಬಬೇಕು. ‘ಎಳೆ ತುಂಬಿ’ ಎಂದು ಬರೆದರೆ ಯಾರಿಗೂ ತಿಳಿಯದು.

ಮತ್ತೊಂದು ಸೇರಿಕೆ: ಮೂಲದಲ್ಲಿ ‘ಈಸ್ಟ್ ಇಂಡಿಯನ್ ವಾಲ್‌ನಟ್’ ಎಂದಿದ್ದರೆ ಅಕ್ರೋಟು ಎನ್ನಬೇಡಿ. ಅದು ನಮ್ಮ ಬಾಗೆ ಮರದ ವ್ಯಾಪಾರಿ ಹೆಸರು. ‘ಆಫ್ರಿಕನ್ ವಾಲ್‌ನಟ್’ ಕೂಡ ಅಕ್ರೋಟಿನ ಬಳಗದ್ದಲ್ಲ, ಬೇವು-ಮಹಾಗನಿಗಳ ಕುಟುಂಬದ್ದು.