ನಜರೇಗೆ ಅಮ್ಮನ್ನ ಕರ್ಕೊಂಡು ಹೋಗ್ತಿದೀನಿ, ಒಂದು ದಿನ ಸಾಕಾ? ಹೋಗಿಬಂದವರು ಹೇಳಿ

ಕೇಳಿದವರು:
ನವೆಂಬರ್ ಮಧ್ಯದಲ್ಲಿ ಲಿಸ್ಬನ್‌ಗೆ ಹೊರಟಿದೀವಿ, ನಾನು ಅಮ್ಮ ಇಬ್ರೇ. ಅಮ್ಮ ಹೊನ್ನಾವರದ ಕಡೆಯವರು, 66 ವರ್ಷ, ಮಂಡಿ ನೋವಿದೆ ಆದ್ರೆ ನಿಧಾನಕ್ಕೆ ನಡೀತಾರೆ. ಪೋರ್ಚುಗಲ್‌ನಲ್ಲಿ ಒಂದು ಮೀನುಗಾರರ ಊರು ನೋಡ್ಬೇಕು ಅಂತ ಅವರ ಆಸೆ, ದೊಡ್ಡ ಅಲೆ ನೋಡ್ಬೇಕು ಅಂತ ನಂದು. ನಜರೇ ಬೆಳಿಗ್ಗೆ ಹೋಗಿ ಸಂಜೆ ಬರೋ ಊರಾ, ಉಳ್ಕೊಬೇಕಾ?

ಎರಡು ಸಲ ಹೋಗಿಬಂದವರು:
ಒಂದು ರಾತ್ರಿಯಾದ್ರೂ ಉಳ್ಕೊಳ್ಳಿ, ದಯವಿಟ್ಟು. ಲಿಸ್ಬನ್‌ನ ಸೆತೆ ರಿಯೋಸ್ ಬಸ್ ಸ್ಟ್ಯಾಂಡಿಂದ ಹೆಚ್ಚುಕಮ್ಮಿ 2 ಗಂಟೆ ದಾರಿ, ಹಾಗಾಗಿ ಎಲ್ಲರೂ ಒಂದೇ ದಿನದಲ್ಲಿ ಮುಗಿಸಿಬಿಡ್ತಾರೆ, ಮೊದಲನೇ ಸಲ ನಾನೂ ಹಾಗೇ ಮಾಡಿದ್ದು, ಬರೀ ಮೇಲಿಂದ ಫೋಟೋ ತೆಗೆದು ಬಂದಂಗಾಯ್ತು.

ಊರು ಮೂರು ತುಂಡು. ಕೆಳಗೆ ಕಡಲ ದಂಡೆ, ಇನ್ನೊಂದು ಗುಡ್ಡದ ಮೇಲೆ ಪೆದೆರ್ನೇರಾ ಅನ್ನೋ ಹಳೇ ಊರು, ಆಮೇಲೆ 110 ಮೀಟರ್ ಎತ್ತರದ ಬಂಡೆ ಮೇಲೆ ಸೀತಿಯು. ಅಮ್ಮನ ಮಂಡಿ ಬಗ್ಗೆ ಚಿಂತೆ ಬೇಡ, ಕೆಳಗಿಂದ ಸೀತಿಯುಗೆ ಹಳಿ ಮೇಲೆ ಓಡೋ ಕೇಬಲ್ ಬಂಡಿ ಇದೆ, 1889ರಲ್ಲಿ ಶುರುವಾಗಿದ್ದು, ಕಣ್ಣು ಮುಚ್ಚಿ ತೆಗೆಯೋದ್ರಲ್ಲಿ ಮೇಲೆ. ಹೋಗೋ ಮುಂಚೆ ಓಡ್ತಿದೆಯಾ ಅಂತ ಮಾತ್ರ ವಿಚಾರಿಸ್ಕೊಳ್ಳಿ.

ಸೀತಿಯುನಲ್ಲಿ ಬಂಡೆ ಅಂಚಿಗೇ ಒಂದು ಚಿಕ್ಕ ಗುಡಿಯಿದೆ, ಎರ್ಮಿದಾ ದ ಮೆಮೋರಿಯಾ ಅಂತ. ನಮ್ಮ ಊರಿನ ದೇವರಮನೆಗಿಂತ ಸ್ವಲ್ಪ ದೊಡ್ಡದು ಅಷ್ಟೇ. 1182ರಲ್ಲಿ ದೊಂ ಫುವಾಸ್ ರೌಪಿನ್ಯೊ ಅನ್ನೋ ಸರದಾರ ಮಂಜಲ್ಲಿ ಜಿಂಕೆ ಅಟ್ಟಿಸ್ಕೊಂಡು ಬಂದನಂತೆ, ಜಿಂಕೆ ಬಂಡೆಯಿಂದ ಕೆಳಗೆ ಬಿತ್ತು, ಇವನು ಮೇರಿ ಮಾತೆಯನ್ನ ಕೂಗಿಕೊಂಡ, ಕುದುರೆ ಅಂಚಲ್ಲೇ ನಿಂತುಬಿಡ್ತು ಅನ್ನೋದು ಐತಿಹ್ಯ. ಕುದುರೆ ಗೊರಸಿನ ಗುರುತು ಅಂತ ಕಲ್ಲನ್ನೂ ತೋರಿಸ್ತಾರೆ. ಗುಡಿಯೊಳಗೆ ಗೋಡೆ ತುಂಬ ನೀಲಿ ಬಿಳಿ ಹೆಂಚು, ಇಬ್ರು ಮೂರು ಜನ ನಿಂತರೆ ತುಂಬಿಹೋಗತ್ತೆ, ಜನ ಕಮ್ಮಿ ಇದ್ದಾಗ ಹೋಗಿ. ಚೌಕದ ಆಚೆ ಬದಿಗೆ ದೊಡ್ಡ ಚರ್ಚು. ಅಲ್ಲಿರೋ ಕಪ್ಪು ಬಣ್ಣದ ಮಾತೆಯ ಪುಟ್ಟ ಮರದ ಮೂರ್ತಿ ಗೆಲಿಲಿಯ ನಜರೇತಿಂದ ಬಂದಿದ್ದು ಅಂತ ನಂಬಿಕೆ, ಊರಿಗೆ ಹೆಸರು ಬಂದಿದ್ದೂ ಅದರಿಂದಲೇ.

ಲಿಸ್ಬನ್‌ನಲ್ಲಿರೋ ಕನ್ನಡದವರು:
ಅಲೆ ವಿಷಯ ನಾನು ಹೇಳ್ತೀನಿ, ಇಲ್ಲೇ ತುಂಬ ಜನ ನಿರಾಸೆ ಆಗೋದು. ದೊಡ್ಡ ಅಲೆ ಸೀಸನ್ ಅಕ್ಟೋಬರಿಂದ ಮಾರ್ಚ್, ಆದ್ರೆ ದಿನಾ ಬರಲ್ಲ, ನಿಜವಾಗ್ಲೂ ಬೆಟ್ಟದಂಥ ಅಲೆ ಏಳೋದು ಸೀಸನ್‌ಗೆ ಕೆಲವೇ ದಿನ. ಅಟ್ಲಾಂಟಿಕ್‌ನಲ್ಲಿ ಎಲ್ಲೋ ದೂರ ಬಿರುಗಾಳಿ ಎದ್ದಿರ್ಬೇಕು. ಹಾಗಾಗಿ ತಾರೀಕು ಮೊದಲೇ ಗಟ್ಟಿ ಮಾಡ್ಕೊಬೇಡಿ, ಲಿಸ್ಬನ್‌ಗೆ ಬಂದ್ಮೇಲೆ ಅಲೆ ಮುನ್ಸೂಚನೆ ನೋಡಿ ಯಾವ ದಿನ ಅಂತ ತೀರ್ಮಾನ ಮಾಡಿ.

ಇನ್ನೊಂದು, ಆ ಅಲೆ ಏಳೋದು ಊರ ಮುಂದಿನ ಬೀಚಲ್ಲಲ್ಲ. ಬಂಡೆಯ ಉತ್ತರಕ್ಕಿರೋ ಪ್ರಾಯಾ ದೊ ನೋರ್ತೆಯಲ್ಲಿ. ನೀರಡಿ ಒಂದು ದೊಡ್ಡ ಕಮರಿ ಇದೆ, ಆಳಸಮುದ್ರದಲ್ಲಿ ಸುಮಾರು 5000 ಮೀಟರ್ ಆಳ ಇದ್ದಿದ್ದು ಹೆಚ್ಚುಕಮ್ಮಿ ದಡದ ತನಕ ಬರತ್ತೆ. ಕಮರಿ ಮೇಲೆ ಬರೋ ನೀರು ಆಳ ಇರೋದ್ರಿಂದ ವೇಗ ಕಳ್ಕೊಳಲ್ಲ, ಪಕ್ಕದ ಕಡಿಮೆ ಆಳದ ನೀರು ನಿಧಾನ ಆಗತ್ತೆ, ಎರಡೂ ದಡದ ಹತ್ರ ಒಂದಕ್ಕೊಂದು ಸೇರಿ ಮೇಲಕ್ಕೆದ್ದುಬಿಡತ್ತೆ. 2011ರಲ್ಲಿ ಗ್ಯಾರೆಟ್ ಮೆಕ್‌ನಮಾರಾ ಅನ್ನೋ ಸರ್ಫರ್ (ಹಲಗೆ ಮೇಲೆ ನಿಂತು ಅಲೆ ಸವಾರಿ ಮಾಡೋರು) 78 ಅಡಿ ಅಲೆ ಹತ್ತಿದ ಮೇಲೆ ಊರಿನ ಹೆಸರು ಪ್ರಪಂಚಕ್ಕೆ ಗೊತ್ತಾಗಿದ್ದು, 2020ರಲ್ಲಿ ಜರ್ಮನಿಯ ಸೆಬಾಸ್ಟಿಯನ್ ಸ್ಟಾಯ್ಡ್‌ನರ್ 86 ಅಡಿ.

ನೋಡೋ ಜಾಗ ಸೀತಿಯು ತುದಿಯ ಸಾವ್ ಮಿಗೆಲ್ ಕೋಟೆ, ಅದರ ಮೇಲೇ ಲೈಟ್‌ಹೌಸ್. ಸರ್ಫರ್‌ಗಳು ಬಿಟ್ಟುಹೋದ ಹಲಗೆಗಳನ್ನ ಒಳಗೆ ಇಟ್ಟಿದಾರೆ. ದಾರಿಯಲ್ಲಿ ಜಿಂಕೆ ತಲೆಯ ಸರ್ಫರ್ ಪ್ರತಿಮೆ ಸಿಗತ್ತೆ, ಹಳೇ ಐತಿಹ್ಯ ಗೊತ್ತಿದ್ರೆ ಅದು ಯಾಕಲ್ಲಿದೆ ಅಂತ ತಕ್ಷಣ ಹೊಳೆಯತ್ತೆ. ಹೋಗೋವಾಗ ಇಳಿಜಾರು ಸಲೀಸು, ವಾಪಸ್ ಏರು, ಅಮ್ಮನ್ನ ನಿಲ್ಲಿಸಿ ನಿಲ್ಲಿಸಿ ಕರ್ಕೊಂಡು ಬನ್ನಿ. ಅಲೆ ಜೋರಿದ್ದ ದಿನ ಬೇಲಿ ದಾಟಿ ಮಾತ್ರ ಹೋಗ್ಬೇಡಿ.

ಸಸ್ಯಾಹಾರಿ ಒಬ್ರು:
ನಿಮಗೆ ಬೇಕಾಗಲ್ಲ, ಬೇರೆಯವರಿಗೆ ಹೇಳ್ತೀನಿ. ಸೊಪ್ಪಿನ ಸೂಪ್ ಕಾಲ್ದು ವೆರ್ದೆ ಅಂತ ಸಿಗತ್ತೆ, ಅದರಲ್ಲಿ ಮಾಂಸದ ತುಂಡು ಹಾಕಿರ್ತಾರೆ, ಕೇಳಿ ತಗೊಳ್ಳಿ. ನಾನು ಬ್ರೆಡ್ಡು, ಚೀಸು, ಹಣ್ಣು ಅಂತ ಎರಡು ದಿನ ಕಳೆದೆ.

ಕಾರವಾರದವಳು:
ಅಲೆ ಬರದಿದ್ರೂ ಪರವಾಗಿಲ್ಲ, ಅಮ್ಮನ್ನ ಮೊದಲು ಮೀನು ಒಣಗಿಸೋ ಜಾಗಕ್ಕೆ ಕರ್ಕೊಂಡು ಹೋಗಿ ನೀವು. ಕೆಳಗಿನ ಬೀಚಲ್ಲಿ, ಮೊದಲು ಮೀನು ಹರಾಜು ಆಗ್ತಿದ್ದ ಕಟ್ಟಡದ ಮುಂದೆ ಮರಳಲ್ಲೇ ಇದೆ. ಮರದ ಚೌಕಟ್ಟಿಗೆ ಬಲೆ ಬಿಗಿದು ಅದರ ಮೇಲೆ ಕರಪಾವ್ ಮೀನನ್ನ ಹೊಟ್ಟೆ ಸೀಳಿ ಪುಸ್ತಕ ಬಿಚ್ಚಿದಂಗೆ ಹರವಿರ್ತಾರೆ, ಕರಪಾವ್ ಅಂದ್ರೆ ನಮ್ಮ ಬಂಗುಡೆ ನೆನಪಾಗೋ ಮೀನು. ತೊಳೆದು ಉಪ್ಪುನೀರಲ್ಲಿ ಇಟ್ಟು ಬಿಸಿಲಿಗೆ ಹಾಕೋದು, ಎರಡು ಮೂರು ದಿನಕ್ಕೆ ಪೂರ್ತಿ ಒಣಗತ್ತೆ. ಅರ್ಧ ಒಣಗಿದ್ದನ್ನೂ ತಿಂತಾರೆ, ಅದಕ್ಕೆ ಬೇರೆ ಹೆಸರು, ಎಂಜುವಾದು. ನಾನು ಅಲ್ಲೇ ನಿಂತಿದ್ದೆ, ಒಬ್ಬ ಅಜ್ಜಿ ಒಂದೊಂದೇ ಮೀನಿನ ಅಂಚನ್ನ ಹೆಬ್ಬೆರಳಲ್ಲಿ ಒತ್ತಿ ನೋಡಿ ಕೆಲವು ಮಗುಚಿದ್ರು, ಕೆಲವು ಹಾಗೇ ಬಿಟ್ರು. ನಮ್ಮ ಅಜ್ಜಿಯ ಕೈ ಕಣ್ಮುಂದೆ ಬಂದು ಗಂಟಲು ಕಟ್ಟಿಹೋಯ್ತು ನಂಗೆ. ಭಾಷೆ ಬರಲ್ಲ, ಆದ್ರೂ ಮೂಸಿ ನೋಡು ಅಂತ ಒಂದು ಕೈಗೆ ಕೊಟ್ರು.

ಅಲ್ಲಿ ಹೆಂಗಸರು ಒಂದರ ಮೇಲೊಂದು ಏಳು ಲಂಗ ಉಡ್ತಿದ್ರು, ಈಗ ಹಬ್ಬಕ್ಕೆ ಮಾತ್ರ ಏಳೂ. ಗಂಡಸರು ಕಡಲಿಗೆ ಹೋದಾಗ ದಂಡೆ ಮೇಲೆ ಚಳಿಯಲ್ಲಿ ಕಾಯೋಕೆ ಹೊದೆಯೋಕೆ ಆಗ್ತಿತ್ತು ಅಂತಾರೆ. 1980ರ ದಶಕದ ತನಕ ಅಲ್ಲಿ ಬಂದರೇ ಇರ್ಲಿಲ್ಲ ನೋಡಿ, ದೋಣಿ ಅಲೆ ಸೀಳ್ಕೊಂಡು ಮರಳಿಗೇ ಬರಬೇಕು, ಎತ್ತು ಕಟ್ಟಿ ಮೇಲಕ್ಕೆ ಎಳೀತಿದ್ರು. ದಡ ಕಣ್ಣಿಗೆ ಕಾಣೋವಾಗ್ಲೇ ದೋಣಿ ಮಗುಚಿ ಹೋದವರು ಎಷ್ಟೋ ಜನ. ಮೂತಿ ಚೂಪಾದ ಬಣ್ಣದ ಹಳೇ ದೋಣಿಗಳನ್ನ ಮರಳ ಮೇಲೆ ಇಟ್ಟಿದಾರೆ, ಹತ್ರ ಹೋಗಿ ನೋಡಿ. ದಡದಿಂದ ಬಲೆ ಎಳೆಯೋದಕ್ಕೆ ಅವರು ಶಾವೆಗಾ ಅಂತಾರೆ, ನಮ್ಮ ರಂಪಣಿ ಥರಾನೇ, ಅಮ್ಮನಿಗೆ ನೀವು ವಿವರಿಸೋದೇ ಬೇಡ.

ಕೇಳಿದವರು:
ಕಾರವಾರದ ಅಕ್ಕಾ, ನಿಮ್ಮದನ್ನ ಅಮ್ಮನಿಗೆ ಓದಿ ಹೇಳಿದೆ. ಎರಡು ರಾತ್ರಿ ಉಳಿಯೋಣ ಅಂದ್ರು. ರೂಮ್ ಮೇಲೆ ಮಾಡ್ಲಾ ಕೆಳಗಾ?

ಕಾರವಾರದವಳು:
ಕೆಳಗೆ ಮಾಡಿ. ಬೀದಿ ಪೂರ್ತಿ ಸಪಾಟು, ಮಂಡಿಗೆ ಒಳ್ಳೇದು, ಬೆಳಿಗ್ಗೆ ಎದ್ದ ತಕ್ಷಣ ಮೀನಿನ ಚೌಕಟ್ಟಿನ ಹತ್ರ ಹೋಗ್ಬಹುದು. ಮಳೆ ಇದ್ರೆ ಮೀನು ಹಾಕಿರಲ್ಲ, ಬಿಸಿಲು ಬಂದ ದಿನ ಮೊದಲು ಅಲ್ಲಿಗೇ ಹೋಗಿ, ಗುಡ್ಡ ಆಮೇಲೆ ಹತ್ತಿ.