ಗುಲಗಂಜಿ ಹುಳದ ಬೆನ್ನ ಮೇಲೆ ಎಂಟನೇ ಚುಕ್ಕೆ: ಲೆನ್ಸ್ ಬದಲಾಯಿಸಬೇಕಾ?

ಅರೆಗಣ್ಣು:

ಎಲ್ಲರಿಗೂ ನಮಸ್ಕಾರ. ಚಿಕ್ಕ ಚಿಕ್ಕದನ್ನು ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಫೋಟೋ ಹುಚ್ಚು ಹಿಡಿದು ಎಂಟು ತಿಂಗಳಾಯಿತು. ನನ್ನ ಹತ್ತಿರ ಇರುವುದು ಒಂದು ಎಪಿಎಸ್-ಸಿ (ಫುಲ್ ಫ್ರೇಮಿಗಿಂತ ಚಿಕ್ಕ ಸೆನ್ಸರಿನ) ಕ್ಯಾಮೆರಾ, 50 ಮಿ.ಮೀ. ಲೆನ್ಸ್, ಹತ್ತಿರದಿಂದ ಫೋಕಸ್ ಆಗಲಿ ಅಂತ ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಹಾಕುವ ಮೂರು ಎಕ್ಸ್‌ಟೆನ್ಶನ್ ಟ್ಯೂಬ್ (12, 20, 36 ಮಿ.ಮೀ.), ಮತ್ತೆ ಒಂದು ಮ್ಯಾನುಯಲ್ ಫ್ಲ್ಯಾಶ್. ಫ್ಲ್ಯಾಶ್ ಕ್ಯಾಮೆರಾದ ತಲೆ ಮೇಲೇ ಕೂರುತ್ತದೆ. ಅದರ ಮೂತಿಗೆ ಬಿಳಿ ಪ್ಲಾಸ್ಟಿಕ್ ಟೊಪ್ಪಿ ಹಾಕಿದ್ದೇನೆ.

ನಿನ್ನೆ ಬೆಳಿಗ್ಗೆ ಒಂದು ಗುಲಗಂಜಿ ಹುಳ ಸಿಕ್ಕಿತು. ಏಳು ಚುಕ್ಕೆಯದು. ಪುಣ್ಯಕ್ಕೆ ಎಲೆಯ ತುದಿಯಲ್ಲಿ ಅಲ್ಲಾಡದೆ ಕೂತಿತ್ತು. ನಲವತ್ತು ಫೋಟೋ ಹೊಡೆದೆ. ಕಂಪ್ಯೂಟರಿನಲ್ಲಿ ತೆರೆದು ನೋಡಿದರೆ ಪ್ರತಿಯೊಂದರಲ್ಲೂ ಎಂಟು ಚುಕ್ಕೆ! ಏಳು ಕಪ್ಪು, ಒಂದು ಬಿಳಿ. ಬೆನ್ನಿನ ನಡುನೆತ್ತಿಗೆ ಸುಣ್ಣ ಇಟ್ಟ ಹಾಗೆ. ಎಕ್ಸ್‌ಪೋಷರ್ ಇಳಿಸಿದರೆ ಹುಳ ಮಂಕಾಗುತ್ತದೆ, ಚುಕ್ಕೆ ಮಾತ್ರ ಹಾಗೇ ಇರುತ್ತದೆ. ಹೊಟ್ಟೆಯ ಕೆಳಗೆ ಗವ್ವೆನ್ನುವ ನೆರಳು, ಕಾಲುಗಳು ಕಾಣುವುದೇ ಇಲ್ಲ. ಎಲ್ಲ ಫೋಕಸ್‌ನಲ್ಲಿ ಇರಲಿ ಅಂತ ಮೂರೂ ಟ್ಯೂಬ್ ಹಾಕಿ, ಲೆನ್ಸಿನ ಕಿಂಡಿ ತೀರಾ ಕಿರಿದು ಮಾಡಿ ಎಫ್ 22 ಇಟ್ಟಿದ್ದೆ. ಆದರೂ ಮೀಸೆ ಚೂಪಾಗಿ ಬಂದಿಲ್ಲ.

100 ಮಿ.ಮೀ. ಮ್ಯಾಕ್ರೋ ಲೆನ್ಸ್ ತಗೊಂಡರೆ ಇದು ಸರಿಹೋಗುತ್ತಾ? ಇಲ್ಲಾ ಎಲ್‌ಇಡಿ ರಿಂಗ್ ಲೈಟ್ ಸಾಕಾ? ಎರಡಕ್ಕೂ ದುಡ್ಡು ಹಾಕುವ ಸ್ಥಿತಿಯಲ್ಲಿ ನಾನಿಲ್ಲ.

ಮಂಜಿನಹನಿ:

ಫ್ಲ್ಯಾಶ್ ಬಿಚ್ಚಿ ಪಕ್ಕಕ್ಕಿಡಿ. ಬೆಳಕು ಹರಿಯುವ ಮೊದಲೇ ಹೋಗಿ. ರಾತ್ರಿಯ ಚಳಿಗೆ ಹುಳಗಳ ಮೈ ಮರಗಟ್ಟಿರುತ್ತದೆ, ಬಿಸಿಲು ತಾಗುವ ತನಕ ಕದಲುವುದಿಲ್ಲ. ಟ್ರೈಪಾಡ್ ಹಾಕಿ, ಎರಡು ಸೆಕೆಂಡ್ ಟೈಮರ್ ಇಟ್ಟು ನಿಧಾನ ಶಟರ್‌ನಲ್ಲಿ ತೆಗೆಯಿರಿ. ಮೋಡ ಕವಿದ ಆಕಾಶಕ್ಕಿಂತ ದೊಡ್ಡ ಡಿಫ್ಯೂಸರ್ (ಬೆಳಕು ಹರಡುವ ತೆರೆ) ಎಲ್ಲಿ ಸಿಗುತ್ತದೆ ಹೇಳಿ! ಗಾಳಿ ಎದ್ದರೆ ಮಾತ್ರ ಕಥೆ ಮುಗೀತು. ಹುಳ ಅರ್ಧ ಮಿಲಿಮೀಟರ್ ಆಚೀಚೆ ಆದರೂ ಫೋಟೋ ಹಾಳು.

ಗಡಿಯಾರದಮುಳ್ಳು:

ಅರೆಗಣ್ಣು ಅವರೇ, ಸದ್ಯಕ್ಕೆ ದುಡ್ಡು ಜೇಬಲ್ಲೇ ಇರಲಿ. ಆ ಎಂಟನೇ ಚುಕ್ಕೆ ನಿಮ್ಮ ಫ್ಲ್ಯಾಶಿನದೇ ಫೋಟೋ. ಗುಲಗಂಜಿ ಹುಳದ ಬೆನ್ನು ಅಂದರೆ ಒಂದು ಉಬ್ಬುಗನ್ನಡಿ ಅಲ್ವಾ. ಎದುರಿಗೆ ಏನಿದೆಯೋ ಅದನ್ನು ಚಿಕ್ಕದು ಮಾಡಿ ತೋರಿಸುತ್ತದೆ. ಚುಕ್ಕೆಯನ್ನು ಇನ್ನೂ ದೊಡ್ಡದು ಮಾಡಿ ನೋಡಿ, ನಿಮ್ಮ ಟೊಪ್ಪಿಯ ನಾಲ್ಕು ಮೂಲೆ ಕಂಡರೂ ಕಂಡಾವು. ರಿಂಗ್ ಲೈಟ್ ಹಾಕಿದರೆ ಚುಕ್ಕೆ ಹೋಗಿ ಆ ಜಾಗಕ್ಕೆ ಬಳೆ ಬರುತ್ತದೆ, ಅಷ್ಟೇ.

ನಾನು ಕೈಗಡಿಯಾರದ ಬಿಡಿಭಾಗಗಳ ಫೋಟೋ ತೆಗೆದು ಹೊಟ್ಟೆ ಹೊರೆಯುವವನು. ಹುಳಹುಪ್ಪಟೆ ರಜೆಯ ಖುಷಿಗೆ. ಪಾಲಿಶ್ ಮಾಡಿದ ಸ್ಕ್ರೂ ತಲೆಗೂ ನಿಮ್ಮ ಹುಳದ ಬೆನ್ನಿಗೂ ಬೆಳಕಿನ ವಿಷಯದಲ್ಲಿ ಜಾಸ್ತಿ ವ್ಯತ್ಯಾಸವಿಲ್ಲ. ಮೊದಲ ವರ್ಷ ನಾನೂ ಲೆನ್ಸು ಲೆನ್ಸು ಅಂತ ಒದ್ದಾಡಿದೆ. 1:1 (ಸೆನ್ಸರಿನ ಮೇಲೆ ವಸ್ತು ಇದ್ದಷ್ಟೇ ಗಾತ್ರಕ್ಕೆ ಬೀಳುವುದು) ಸಾಲದು ಅಂತ 2:1 ಲೆನ್ಸ್ ತಂದೆ. ಬಿಳಿ ಚುಕ್ಕೆಯೂ ಎರಡರಷ್ಟಾಯಿತು.

ಹುಳದ ಜಾಗದಲ್ಲಿ ನೀವು ಕೂತುಕೊಂಡು ಯೋಚನೆ ಮಾಡಿ. ಸೂರ್ಯನ ಅಗಲ ಸುಮಾರು 14 ಲಕ್ಷ ಕಿಲೋಮೀಟರ್. ಆದರೆ ಅಷ್ಟು ದೂರ ಇರುವುದರಿಂದ ನಮಗೆ ಕಾಣುವುದು ಬರೀ ಅರ್ಧ ಡಿಗ್ರಿ. ಅದಕ್ಕೇ ನಡುಹಗಲಿನ ನೆರಳು ಕತ್ತರಿಸಿದ ಹಾಗಿರುತ್ತದೆ. ನಿಮ್ಮ ಫ್ಲ್ಯಾಶಿನ ಮೂತಿ ಏಳು ಸೆಂ.ಮೀ. ಅಗಲ ಅಂದುಕೊಳ್ಳಿ. 25 ಸೆಂ.ಮೀ. ದೂರದಿಂದ ಅದು ಹುಳಕ್ಕೆ ಕಾಣುವುದು ಹದಿನಾರು ಡಿಗ್ರಿಯಷ್ಟು. ಕತ್ತಲೆ ಕೋಣೆಯಲ್ಲಿ ಒಂದು ಸಣ್ಣ ಕಿಟಕಿ ಇದ್ದ ಹಾಗೆ. ಅದೇ ಹದಿನೈದು ಸೆಂ.ಮೀ. ಅಗಲದ ಡಿಫ್ಯೂಸರ್ ಎಂಟು ಸೆಂ.ಮೀ. ಹತ್ತಿರ ಬಂದರೆ ಸುಮಾರು 86 ಡಿಗ್ರಿ. ಈಗ ಹುಳದ ತಲೆಯ ಮೇಲೆ ಒಂದು ಆಕಾಶವೇ ಬಂದಂತಾಯಿತು. ಮಂಜಿನಹನಿ ಅವರು ಹೇಳಿದ ಮೋಡದ ಆಕಾಶ ಇದೇ, ಆದರೆ ಗಾಳಿಗೆ ಹೆದರಬೇಕಾಗಿಲ್ಲ.

ಫ್ಲ್ಯಾಶಿನ ಟೊಪ್ಪಿಯ ಎಡವಟ್ಟು ಇಲ್ಲೇ ಇದೆ. ಬಿಳಿ ಪ್ಲಾಸ್ಟಿಕ್ ಹಾಕಿದ ಮಾತ್ರಕ್ಕೆ ಬೆಳಕು ದೊಡ್ಡದಾಗುವುದಿಲ್ಲ. ಫ್ಲ್ಯಾಶ್ ಅಲ್ಲೇ ತಲೆ ಮೇಲೆ ಇರಲಿ, ತೊಂದರೆಯಿಲ್ಲ. ಎಲೆಕ್ಟ್ರಾನಿಕ್ ಸಾಮಾನು ಸುತ್ತಿ ಬರುವ ತೆಳು ಬಿಳಿ ಫೋಮ್ ಹಾಳೆ ಇರುತ್ತದಲ್ಲ, ಅದನ್ನು ಲೆನ್ಸಿನ ಮೂತಿಯಿಂದ ಮುಂದಕ್ಕೆ ಚಾಚಿ ಹುಳದ ಮೇಲೆ ಕಮಾನಿನ ಹಾಗೆ ಬಗ್ಗಿಸಿ. ಹಳದಿ ತಿರುಗಿದ ಹಾಳೆ ಬೇಡ, ಬಣ್ಣ ಕೆಡುತ್ತದೆ.

ಇಲ್ಲಿ ಒಂದು ಕಡೆ ಎಲ್ಲರೂ ಜಾರುತ್ತಾರೆ. ಹಾಳೆ ಎಷ್ಟು ದೊಡ್ಡದಿದ್ದರೂ ಫ್ಲ್ಯಾಶ್ ಅದರ ನಡುವಿಗಷ್ಟೇ ಬಡಿದರೆ ಬೆಳಗುವುದು ನಡು ಮಾತ್ರ. ಅಂಚು ಸುಮ್ನೆ ಅಲಂಕಾರಕ್ಕೆ. ಅದಕ್ಕೆ ಎರಡು ಪದರ ಬೇಕು. ಫ್ಲ್ಯಾಶಿನ ಹತ್ತಿರ ಒಂದು ಟ್ರೇಸಿಂಗ್ ಪೇಪರ್, ಆಮೇಲೆ ನಾಲ್ಕೈದು ಸೆಂ.ಮೀ. ಖಾಲಿ ಜಾಗ, ಆಮೇಲೆ ಫೋಮ್. ಎರಡನ್ನೂ ಒಂದಕ್ಕೊಂದು ಅಂಟಿಸಿಬಿಟ್ಟರೆ ಬೆಳಕು ತಿನ್ನುತ್ತದೆಯೇ ಹೊರತು ಹರಡುವುದಿಲ್ಲ.

ಸರಿಯಾಯಿತೋ ಇಲ್ಲವೋ ನೋಡಲು ಹುಳ ಹುಡುಕಿಕೊಂಡು ಹೋಗಬೇಡಿ. ಹಳೇ ಬೇರಿಂಗಿನ ಒಂದು ಉಕ್ಕಿನ ಗುಂಡು ಸಾಕು. ಅದನ್ನು ಮೇಜಿನ ಮೇಲಿಟ್ಟು ಹುಳಕ್ಕೆ ಹೊಡೆಯುವ ಹಾಗೇ ಫೋಟೋ ಹೊಡೆಯಿರಿ. ಗುಂಡಿನ ಮೇಲೆ ಎಲ್ಲ ಕಾಣುತ್ತದೆ. ನಡುವೆ ಲೆನ್ಸಿನ ಕಪ್ಪು ವೃತ್ತ, ಮೇಲೆ ನಿಮ್ಮ ಡಿಫ್ಯೂಸರ್, ಅದರ ಮಡಿಕೆ, ಟೇಪು ಹಚ್ಚಿದ ಜಾಗ, ಎಲ್ಲಿ ಉರಿಯುತ್ತಿದೆ, ಎಲ್ಲಿ ಮಂಕು. ನನ್ನ ಮೇಜಿನ ಮೇಲೆ ಆರು ಮಿ.ಮೀ.ನ ಒಂದು ಗುಂಡು ಯಾವಾಗಲೂ ಇರುತ್ತದೆ. ಅದರಲ್ಲಿ ಒಮ್ಮೆ ನನ್ನ ಕನ್ನಡಕವೂ ಕಂಡಿತ್ತು.

ಹೊಟ್ಟೆಯ ಕೆಳಗಿನ ನೆರಳಿಗೆ ಬೆಂಕಿಪೆಟ್ಟಿಗೆ ಗಾತ್ರದ ಬಿಳಿ ಕಾರ್ಡ್ ಸಾಕು. ಹುಳದ ಕೆಳಗೆ, ಫ್ರೇಮಿನ ಆಚೆ ಹಿಡಿಯಿರಿ. ಕಾಲುಗಳು ತಾವಾಗೇ ಹೊರಗೆ ಬರುತ್ತವೆ.

ಒಂದು ಹಳೇ ಮಾತು ಹೇಳದೆ ಇರಲಾರೆ. 1665ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ಸೂಕ್ಷ್ಮದರ್ಶಕದಲ್ಲಿ ಕಂಡ ನೊಣದ ಕಣ್ಣಿನ ಬಗ್ಗೆ ಬರೆದಿದ್ದಾನೆ. ಒಂದು ಬೆಳಕಿನಲ್ಲಿ ತೂತು ಕೊರೆದ ಜಾಲರಿಯ ಹಾಗೆ, ಬಿಸಿಲಿನಲ್ಲಿ ಚಿನ್ನದ ಮೊಳೆ ಹೊಡೆದ ಹಾಗೆ, ಇನ್ನೊಂದು ಕಡೆಯಿಂದ ಪಿರಮಿಡ್‌ಗಳ ಹಾಗೆ ಕಂಡಿತಂತೆ. ಇದ್ದದ್ದು ಒಂದೇ ಕಣ್ಣು! ಬಿಸಿಲನ್ನು ಪಳಗಿಸಲು ಅವನು ಎಣ್ಣೆ ಸವರಿದ ಕಾಗದವನ್ನು ವಸ್ತುವಿಗೆ ತೀರಾ ಹತ್ತಿರ ಅಡ್ಡ ಇಡುತ್ತಿದ್ದ. ನಮ್ಮ ಫೋಮ್ ಹಾಳೆ ಅದರ ಮರಿಮಗ.

ಇನ್ನು ಎಫ್ 22. ಮೂರೂ ಟ್ಯೂಬ್ ಸೇರಿದರೆ 68 ಮಿ.ಮೀ. ಅದನ್ನು ಲೆನ್ಸಿನ 50ರಿಂದ ಭಾಗಿಸಿ, 1.36 ಪಟ್ಟು. ಇಷ್ಟು ಹತ್ತಿರದಲ್ಲಿ ಕ್ಯಾಮೆರಾ ತೋರಿಸುವ ಎಫ್ ಸಂಖ್ಯೆ ನಿಜವಲ್ಲ. ಎಷ್ಟು ಪಟ್ಟು ದೊಡ್ಡದು ಮಾಡುತ್ತೀರೋ ಅದಕ್ಕೆ ಒಂದು ಕೂಡಿಸಿ, ಅದರಿಂದ ಗುಣಿಸಬೇಕು. 22 ಅನ್ನು 2.36ರಿಂದ ಗುಣಿಸಿದರೆ 52 ಹತ್ತಿರ ಬರುತ್ತದೆ. ಅಷ್ಟು ಸಣ್ಣ ಕಿಂಡಿಯಲ್ಲಿ ನುಗ್ಗುವ ಬೆಳಕು ಅಂಚಿನಲ್ಲಿ ಬಾಗಿ ಚೆದುರುತ್ತದೆ. ಫೋಕಸ್ ಎಷ್ಟೇ ಸರಿಯಿದ್ದರೂ ಮೀಸೆ ಮಸುಕೇ. 12 ಮತ್ತು 36 ಎರಡೇ ಹಾಕಿ, ಹೆಚ್ಚುಕಡಿಮೆ 1:1 ಆಗುತ್ತದೆ. ಎಫ್ 11 ಇಡಿ. ಫೋಕಸ್‌ನಲ್ಲಿ ಸಿಗುವ ಆಳ ಒಂದು ಮಿಲಿಮೀಟರಿಗೂ ಕಡಿಮೆ, ಅದನ್ನು ಕಣ್ಣಿಗೆ ಕೊಡಿ. ಬೆನ್ನು ಮಸುಕಾದರೆ ಆಗಲಿ. ಪೂರ್ತಿ ಹುಳ ಬೇಕೇ ಬೇಕು ಅಂದರೆ ಫೋಕಸ್ ಸ್ವಲ್ಪ ಸ್ವಲ್ಪ ಸರಿಸಿ ಏಳೆಂಟು ಫೋಟೋ ತೆಗೆದು ಸ್ಟ್ಯಾಕ್ ಮಾಡಬೇಕು (ಒಂದಾಗಿ ಸೇರಿಸಬೇಕು), ಅದಕ್ಕೆ ಹುಳ ನಿದ್ದೆ ಮಾಡುತ್ತಿರಬೇಕು. ಹುಳವನ್ನು ಫ್ರಿಜ್‌ನಲ್ಲಿಟ್ಟು ತೆಗೆಯುವವರ ಜೊತೆ ನನಗೆ ಮಾತಿಲ್ಲ.

ಫ್ಲ್ಯಾಶಿನ ಪವರ್ 1/16ರಿಂದ ಶುರು ಮಾಡಿ. ಈ ಚಿಕ್ಕ ಫ್ಲ್ಯಾಶ್‌ಗಳಲ್ಲಿ ಪವರ್ ಇಳಿಸಿದರೆ ಬೆಳಕು ಮಂದವಾಗುವುದಿಲ್ಲ, ಬೇಗ ಆರುತ್ತದೆ. 1/16ರಲ್ಲಿ ಬೆಳಕು ಇರುವುದು ಸುಮಾರು ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಪಾಲು. ಕೈ ನಡುಗಿದರೂ ಅದಕ್ಕೆ ಗೊತ್ತಾಗುವುದಿಲ್ಲ. ಡಿಫ್ಯೂಸರ್ ಹತ್ತಿರ ಬಂದಷ್ಟೂ ಪವರ್ ಕಡಿಮೆ ಸಾಕು. ಐಎಸ್‌ಒ (ಸೆನ್ಸರ್ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಸಂಖ್ಯೆ) 200, ಶಟರ್ 1/200.

100 ಮಿ.ಮೀ. ಲೆನ್ಸ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. 1:1ರಲ್ಲಿ ಹುಳಕ್ಕೂ ಲೆನ್ಸಿಗೂ ನಡುವೆ ಹೆಚ್ಚುಕಡಿಮೆ ಇಮ್ಮಡಿ ಜಾಗ ಸಿಗುತ್ತದೆ. ಚಿಟ್ಟೆಯಂಥ ಪುಕ್ಕಲರಿಗೆ ಅದು ಬೇಕು. ಮುಂದಿನ ವರ್ಷ ತಗೊಳ್ಳಿ.

ಹಳೇನಾಣ್ಯ:

ಇಷ್ಟೆಲ್ಲ ಯಾಕೆ ಸ್ವಾಮಿ? ಫ್ಲ್ಯಾಶಿಗೆ ಪೋಲರೈಸರ್ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ) ಫಿಲ್ಮ್, ಲೆನ್ಸಿಗೆ ಪೋಲರೈಸರ್ ಫಿಲ್ಟರ್, ಎರಡನ್ನೂ ಅಡ್ಡಡ್ಡ ತಿರುಗಿಸಿದರೆ ಹೊಳಪು ಮಂಗಮಾಯ. ನಾನು ಪಿಂಗಾಣಿ ಗುಂಡಿ, ಅಂಚೆಚೀಟಿ ಎಲ್ಲ ಹೀಗೇ ತೆಗೆಯುವುದು.

ಗಡಿಯಾರದಮುಳ್ಳು:

ಹೋಗುತ್ತದೆ, ನಿಜ. ನಾನೂ ಮಾಡಿ ನೋಡಿದ್ದೇನೆ. ಆದರೆ ಗುಲಗಂಜಿ ಹುಳದ ಹೊಳಪು ಪೂರ್ತಿ ಹೋದರೆ ಅದು ಮೇಣದಲ್ಲಿ ಮಾಡಿಟ್ಟ ಹಾಗೆ ಕಾಣುತ್ತದೆ. ಬೆನ್ನು ದುಂಡಗಿದೆ ಅಂತ ಕಣ್ಣಿಗೆ ಹೇಳುವುದೇ ಆ ಹೊಳಪು. ನಮಗೆ ಬೇಕಾದ್ದು ಅಂಚು ಮೆತ್ತಗಿರುವ, ಒಳಗಿನ ಕೆಂಪು ಕಾಣುವ ಹೊಳಪು. ಅಂಚೆಚೀಟಿ ಚಪ್ಪಟೆ, ಅದಕ್ಕೆ ನಿಮ್ಮ ದಾರಿಯೇ ಸರಿ. ಬರೀ ಲೋಹಕ್ಕೆ ಮಾತ್ರ ಹಾಗೆ ಮಾಡಲು ಹೋಗಬೇಡಿ. ಲೋಹದಿಂದ ನೇರ ತಿರುಗಿ ಬರುವ ಬೆಳಕಿನ ಪೋಲರೈಸೇಶನ್ ಹಾಗೇ ಉಳಿಯುತ್ತದೆ, ಲೆನ್ಸಿನ ಫಿಲ್ಟರ್ ಅಷ್ಟನ್ನೂ ತಡೆದುಬಿಡುತ್ತದೆ. ನಾನು ಒಂದು ಹಿತ್ತಾಳೆ ಹಲ್ಲುಚಕ್ರ ತೆಗೆದು ಕಳಿಸಿದ್ದೆ. ಇದ್ದಿಲಿನ ಫೋಟೋ ಯಾಕೆ ಕಳಿಸಿದ್ದೀರಿ ಅಂತ ಗಿರಾಕಿ ಕೇಳಿದರು.

ಅರೆಗಣ್ಣು:

ನಾಲ್ಕು ದಿನ ಬಿಟ್ಟು ಬರೆಯುತ್ತಿದ್ದೇನೆ. ಸೈಕಲ್ ಪೆಡಲ್ ಬಿಚ್ಚಿದಾಗ ಉಳಿದಿದ್ದ ಒಂದು ಗುಂಡು ಸಿಕ್ಕಿತು. ಮೊದಲ ಫೋಟೋ ನೋಡಿ ನಗು ಬಂತು. ಅಷ್ಟು ದೊಡ್ಡ ಫೋಮ್ ಹಾಳೆಯಲ್ಲಿ ಉರಿಯುತ್ತಿದ್ದದ್ದು ನಡುವಿನ ಒಂದು ಮೊಟ್ಟೆಯಾಕಾರ ಮಾತ್ರ. ಟ್ರೇಸಿಂಗ್ ಪೇಪರ್ ಸೇರಿಸಿ, ನಡುವೆ ಜಾಗ ಬಿಟ್ಟೆ. ಐದನೇ ಸಲಕ್ಕೆ ಹಾಳೆ ಅಂಚಿನವರೆಗೂ ಬೆಳಗಿತು. ಗುಂಡಿನ ಎಡಮೂಲೆಯಲ್ಲಿ ನನ್ನ ಮೂರು ಬೆರಳು ಸ್ಪಷ್ಟವಾಗಿ ಕಾಣುತ್ತಿವೆ, ಉಗುರು ಸಮೇತ.

ಇವತ್ತು ಬೆಳಿಗ್ಗೆ ಹುಳವೂ ಸಿಕ್ಕಿತು. ಮೊದಲನೆಯದಕ್ಕೆ ಮೋಸವಾಯಿತು. ಕಣ್ಣು ವ್ಯೂಫೈಂಡರ್‌ನಲ್ಲಿತ್ತು, ಡಿಫ್ಯೂಸರಿನ ತುದಿ ಕಡ್ಡಿಗೆ ತಗುಲಿದ್ದು ಗೊತ್ತಾಗಲಿಲ್ಲ. ಹುಳ ಕಾಲು ಮಡಚಿಕೊಂಡು ಸತ್ತ ಹಾಗೆ ಉರುಳಿತು. ಎತ್ತಿ ಎಲೆಯ ಮೇಲೆ ಬಿಟ್ಟೆ, ಬೆರಳಿಗೆ ಹಳದಿ ಹನಿ ಹಚ್ಚಿ ಹೋಯಿತು, ಕೆಟ್ಟ ವಾಸನೆ. ಎರಡನೆಯದಕ್ಕೆ ಪಕ್ಕದಿಂದ ನಿಧಾನಕ್ಕೆ ಹೋದೆ. ಬೆನ್ನ ಮೇಲೆ ಈಗ ಹಾಲಿನ ಕೆನೆಯ ಹಾಗೆ ಅಗಲವಾದ ಹೊಳಪು. ಅದರ ಒಳಗಿಂದ ಕಪ್ಪು ಚುಕ್ಕೆಯೂ ಕಾಣುತ್ತದೆ. ಲೆಕ್ಕ ಹಾಕಿದೆ, ಏಳೇ. ಕಾರ್ಡ್ ಹಿಡಿದದ್ದಕ್ಕೆ ಕಾಲಿನ ಉಗುರೂ ಬಂದಿದೆ.

ಒಂದೇ ಬೇಜಾರು. ಹಿನ್ನೆಲೆ ಪೂರ್ತಿ ಕಪ್ಪು. ಬೆಳಿಗ್ಗೆ ಎಂಟು ಗಂಟೆಯ ಫೋಟೋ ನಡುರಾತ್ರಿಯ ಹಾಗಿದೆ.

ಗಡಿಯಾರದಮುಳ್ಳು:

ಏಳೇ ಅಂತ ಓದಿ ಖುಷಿಯಾಯಿತು.

ಹಿನ್ನೆಲೆ ಕಪ್ಪಾಗುವುದು ಬೆಳಕು ಹತ್ತಿರ ಬಂದದ್ದರ ಬೆಲೆ. ಹುಳ ಡಿಫ್ಯೂಸರಿನಿಂದ ಎಂಟು ಸೆಂ.ಮೀ., ಹಿಂದಿನ ಗಿಡ 80 ಸೆಂ.ಮೀ. ಇದ್ದರೆ ಆ ಗಿಡಕ್ಕೆ ಸಿಗುವುದು ನೂರರಲ್ಲಿ ಒಂದೆರಡು ಪಾಲು ಬೆಳಕು. ಒಂದು ಉದುರಿದ ಎಲೆಯನ್ನು ಕ್ಲಿಪ್ಪಿಗೆ ಸಿಕ್ಕಿಸಿ ಹುಳದ ಹಿಂದೆ ಐದಾರು ಸೆಂ.ಮೀ. ದೂರದಲ್ಲಿ ನಿಲ್ಲಿಸಿ. ಅದಕ್ಕೂ ಬೆಳಕು ಬೀಳುತ್ತದೆ, ಮಸುಕಾಗಿ ಬರೀ ಬಣ್ಣ ಉಳಿಯುತ್ತದೆ. ಒಣಗಿದ ಎಲೆಯಾದರೆ ಕೆಂಪು ಹುಳ ಅದರಲ್ಲಿ ಕಳೆದುಹೋಗುತ್ತದೆ, ಹಸಿರೇ ಇರಲಿ. ಗಾಳಿ ಇಲ್ಲದ ದಿನ ಐಎಸ್‌ಒ 800ಕ್ಕೆ ಏರಿಸಿ, ಶಟರ್ 1/60ಕ್ಕೆ ಇಳಿಸಿದರೆ ನಿಜವಾದ ಬೆಳಗಿನ ಬೆಳಕೂ ಸ್ವಲ್ಪ ಒಳಗೆ ಬರುತ್ತದೆ. ಆದರೆ ಆಗ ಹುಳ ಕದಲಿದರೆ ಅಂಚಿನಲ್ಲಿ ಭೂತದ ಹಾಗೆ ಇನ್ನೊಂದು ನೆರಳು ಬೀಳುತ್ತದೆ, ನೋಡಿಕೊಳ್ಳಿ.

ಗುಂಡಿನಲ್ಲಿ ಕಂಡ ಬೆರಳಿನ ವಿಷಯಕ್ಕೆ ಕಪ್ಪು ಕೈಗವಸು ಹಾಕಿ. ಎಡಗೈಗೆ ಮಾತ್ರ ಸಾಕು.